ಹೋರಿಗಳು ಹೋದದ್ದೆಲ್ಲಿಗೆ?

ಪಿರಮಿಡ್ ಕಟ್ಟಿದವರು ಏನು ಉಂಡರು? ಉತ್ತರ ಅವರ ತಿಪ್ಪೆಯಲ್ಲೇ ಇತ್ತು! ಗೀಜಾದ ಸ್ಫಿಂಕ್ಸ್‌ನ ದಕ್ಷಿಣಕ್ಕೆ, ಭಾರೀ ಕಲ್ಲುಗೋಡೆಯೊಂದರ ಆಚೆ, ಸುಮಾರು 4,500 ವರ್ಷ ಮರಳಿನಡಿ ಹೂತುಹೋಗಿದ್ದ ಊರಿದೆ: ಹೈತ್ ಅಲ್-ಗುರಾಬ್. ಪುರಾತತ್ತ್ವಜ್ಞ ಮಾರ್ಕ್ ಲೇನರ್ ತಂಡ 1988ರಿಂದ ಅದನ್ನು ಅಗೆದು ತೆಗೆಯುತ್ತ ಬಂತು. ರೊಟ್ಟಿ ಸುಡುವ ಮನೆಗಳು ಸಿಕ್ಕವು, ಉದ್ದುದ್ದ ಸಾಲುಕಟ್ಟಡಗಳು ಸಿಕ್ಕವು. ಮತ್ತೆ ಮೂಳೆಗಳು! ಪ್ರಾಣಿತಜ್ಞ ರಿಚರ್ಡ್ ರೆಡಿಂಗ್ ಪರೀಕ್ಷಿಸಿದ ಚೂರುಗಳೇ 1,75,000ಕ್ಕೂ ಹೆಚ್ಚು.

ಒಡೆದು ಬಿಸಾಡಿದ ಎಲುಬು ಎಷ್ಟೆಲ್ಲ ಹೇಳಬಲ್ಲದು! ದನದ ಜಾತ್ರೆಯಲ್ಲಿ ನಮ್ಮ ರೈತರು ಹೋರಿಯ ಬಾಯಿ ಬಿಡಿಸಿ ವಯಸ್ಸು ಹೇಳುವಂತೆ ಇಲ್ಲಿಯೂ ಹಲ್ಲೇ ಮೊದಲ ಸಾಕ್ಷಿ. ಕಾಲೆಲುಬಿನ ತುದಿ ಬೆಸೆದುಕೊಂಡಿದೆಯೇ ಎಂಬುದು ಎರಡನೆಯದು. ಸೊಂಟದ ಮೂಳೆ ಹೆಣ್ಣೋ ಗಂಡೋ ಎಂಬುದನ್ನು ಹೇಳಿಬಿಡುತ್ತದೆ. ಹೀಗೆ ಓದುತ್ತ ಹೋದಾಗ ಎದ್ದುಬಂದ ಚಿತ್ರ ಬೆರಗು ಹುಟ್ಟಿಸುವಂಥದ್ದು: ದನಗಳಲ್ಲಿ ಹೆಚ್ಚಿನವು ಎರಡು ವರ್ಷ ತುಂಬದ ಹೋರಿಗಳು. ಕುರಿ, ಮೇಕೆಗಳೂ ಬಹುಪಾಲು ಎಳೆಯವೇ.

ಹಾಗಾದರೆ ಇವುಗಳ ತಾಯಂದಿರೆಲ್ಲಿ? ಕರು ಹಾಕುವ ಹಸುಗಳು ಇದ್ದ ಊರಿನಲ್ಲಿ ಮುದಿ ಹಸುಗಳ ಮೂಳೆಯೂ ಸಿಗಲೇಬೇಕಲ್ಲ! ಈ ದನಗಳು ಇಲ್ಲಿ ಹುಟ್ಟಿದವಲ್ಲ, ಬೇರೆಲ್ಲಿಂದಲೋ ಹೊಡೆದುಕೊಂಡು ಬಂದವು.

ಎಲ್ಲಿಂದ ಎಂಬುದರ ಸುಳಿವು ನೈಲ್ ಮುಖಜಭೂಮಿಯ ಪಶ್ಚಿಮದ ಅಂಚಿನಲ್ಲಿತ್ತು. ಕೋಮ್ ಅಲ್-ಹಿಸ್ನ್ ಎಂಬ ಪ್ರಾಚೀನ ಹಳ್ಳಿಯಲ್ಲಿ 1980ರ ದಶಕದಲ್ಲಿ ಅಗೆತ ನಡೆದಾಗ ಒಲೆಗಳ ಬೂದಿಯಲ್ಲಿ ಮೇವಿನ ಗಿಡಗಳ ಸುಟ್ಟ ಬೀಜಗಳು ಸಿಕ್ಕಿದ್ದವು. ದನ ತಿಂದ ಬೀಜ ಸೆಗಣಿಯೊಂದಿಗೆ ಒಲೆ ಸೇರಿತ್ತು. ಅಂದರೆ ಕುಳ್ಳು ಉರಿಸುತ್ತಿದ್ದರು, ಮೇವು ಹಾಕಿ ದನ ಸಾಕುತ್ತಿದ್ದರು. ಆದರೆ ಅಲ್ಲಿನ ತಿಪ್ಪೆಯಲ್ಲಿ ದನದ ಮೂಳೆ ತೀರಾ ಕಡಿಮೆ! ಇದ್ದವೂ ತೀರಾ ಎಳೆಗರುಗಳದ್ದು ಇಲ್ಲವೇ ಮುದಿದನಗಳದ್ದು. ಹಳ್ಳಿಯವರು ತಿಂದದ್ದು ಹಂದಿಮಾಂಸ. ಸೆಗಣಿ ಉಳಿದಿದೆ, ಹೋರಿಗಳಿಲ್ಲ. ಇಲ್ಲದಿರುವ ಮೂಳೆಯೂ ಸಾಕ್ಷಿ ಹೇಳುವುದನ್ನು ನಾನಂತೂ ಇಷ್ಟು ಚೆಂದವಾಗಿ ಬೇರೆಲ್ಲೂ ಕಂಡಿಲ್ಲ. ಇಂಥ ಹಳ್ಳಿಗಳು ಸಾಕಿ ಬೆಳೆಸಿದ ಹೋರಿಗಳು ರಾಜ್ಯದ ಕೇಂದ್ರಗಳತ್ತ ನಡೆದುಹೋಗುತ್ತಿದ್ದವು.

ರೆಡಿಂಗ್ ಲೆಕ್ಕ ಹಾಕಿದರು. ಸುಮಾರು 10,000 ಕೆಲಸಗಾರರಿಗೆ ದಿನಕ್ಕೆ 11 ದನ, 37 ಕುರಿ-ಮೇಕೆ. ದಿನವೂ! ಆ ಸಾಲು ಕಡಿಯದಿರಲು 21,900 ದನಗಳು, 54,750 ಕುರಿ-ಮೇಕೆಗಳು ಹಿಂಡುಗಳಲ್ಲಿ ಮೇಯುತ್ತಲೇ ಇರಬೇಕು. ಮೇಯಲು ಹುಲ್ಲುಗಾವಲು ಬೇಕು, ಕಾಯಲು ಸಾವಿರಾರು ದನಗಾಹಿಗಳು ಬೇಕು. ಕಲ್ಲು ಎಳೆದವರ ಹಿಂದೆ ಇಷ್ಟೊಂದು ಜನ, ಇಷ್ಟೊಂದು ಜಾನುವಾರು!

ಹೈತ್ ಅಲ್-ಗುರಾಬ್ ಊರೊಳಗೂ ಎಲ್ಲರ ತಟ್ಟೆ ಒಂದೇ ಆಗಿರಲಿಲ್ಲ. ಸಾಲುಕಟ್ಟಡಗಳಲ್ಲಿ ಇದ್ದವರ ಪಾಲಿಗೆ ಹೆಚ್ಚಾಗಿ ಕುರಿ, ಮೇಕೆ. ಪೂರ್ವದ ಇಕ್ಕಟ್ಟು ಮನೆಗಳ ಕೇರಿಯಲ್ಲಿ ಹಂದಿಯ ಮೂಳೆಗಳು ಹೆಚ್ಚು. ಹಂದಿಯನ್ನು ಮನೆಯ ಹಿಂದೆಯೇ ಸಾಕಿಕೊಳ್ಳಬಹುದಲ್ಲ. ಪಶ್ಚಿಮದ ದೊಡ್ಡ ಮನೆಗಳ ಬಳಿಯ ತಿಪ್ಪೆಯಲ್ಲಿ ಮಾತ್ರ ಎಳೆಗರುಗಳದ್ದೇ ರಾಶಿ, ಜೊತೆಗೆ ಅಧಿಕಾರಿಗಳ ಮುದ್ರೆ ಒತ್ತಿದ ಮಣ್ಣಿನ ಚೂರುಗಳು. ಅದೇ ರಾಶಿಯಲ್ಲಿ ಚಿರತೆಯ ಹಲ್ಲುಗಳೂ ಸಿಕ್ಕವು! ಅದನ್ನು ಯಾರೂ ತಿಂದಿರಲಾರರು. ಈಜಿಪ್ಟಿನಲ್ಲಿ ಚಿರತೆಯ ತೊಗಲು ಹೊದೆಯುತ್ತಿದ್ದವರು ಉನ್ನತ ಪದವಿಯ ಅರ್ಚಕರು. ತಲೆಸಮೇತ ಸುಲಿದ ಅಂಥದೊಂದು ತೊಗಲಿನಿಂದ ಉದುರಿದ ಹಲ್ಲುಗಳಿರಬೇಕು ಎಂದು ರೆಡಿಂಗ್ ಊಹಿಸಿದರು.