ಫೈಲ್ ಮ್ಯಾನೇಜರ್ ಆಯ್ಕೆ: ಮನೆ ಕೀಲಿಕೈ ಯಾರ ಕೈಗೆ ಕೊಡ್ತಿದ್ದೀವಿ?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿ ಇಲ್ಲಿ ಬರೆದಿದ್ದೀನಿ. ವಿಷಯ ಚಿಕ್ಕದು: ಫೋನಿಗೆ ಯಾವ ಫೈಲ್ ಮ್ಯಾನೇಜರ್ ಆ್ಯಪ್ ಹಾಕ್ಕೋಬೇಕು? "ಇದಕ್ಕೂ ಒಂದು ವಿಡಿಯೋನಾ?" ಅಂತ ನನ್ನ ಹೆಂಡತಿಯೇ ಕೇಳಿದಳು. ಕಳೆದ ದಸರಾಕ್ಕೆ ಊರಿಗೆ ಹೋಗೋವರೆಗೂ ನಾನೂ ಹಾಗೇ ಅಂದ್ಕೊಂಡಿದ್ದೆ.

ಪುಣೆಯಿಂದ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಮನೆ ಸೇರಿದೆ. ಕಾಫಿ ಕುಡೀತಾ ಇದ್ದಾಗ ಅಪ್ಪ ಫೋನ್ ಹಿಡ್ಕೊಂಡು ಬಂದ್ರು. "ಪಾಲುಪತ್ರದ ಸ್ಕ್ಯಾನು ಕಳಿಸಿದ್ದೆಯಲ್ಲ, ಎಲ್ಲೂ ಸಿಗ್ತಾ ಇಲ್ಲ ಕಣೋ." ವಾಟ್ಸ್ಆ್ಯಪ್ ತೆಗೆದು ನೋಡಿದೆ. ಚಾಟ್ ಇದೆ, ಫೈಲ್ ಇಲ್ಲ. ಪಹಣಿ ಪಿಡಿಎಫ್ ಇಲ್ಲ, ಹಳೇ ಫೋಟೋಗಳಿಲ್ಲ. ಫೋಲ್ಡರ್ ಒಳಗೆ ಹೋದ್ರೆ ಗುಡಿಸಿ ಸಾರಿಸಿದ ಹಾಗೆ ಖಾಲಿ. ಏನಾಯ್ತು ಅಂತ ಕೇಳಿದ್ರೆ ಅಪ್ಪ ಹೇಳಿದ್ದು ಇಷ್ಟೇ: "ಫೋನೇ ಹೇಳ್ತು, ಒಳಗೆ ಕಸ ತುಂಬಿದೆ ಅಂತ. ಕಸ ಅಂದ್ರೆ ಗುಡಿಸ್ಬೇಕಲ್ವೇನೋ?"

ಹೇಳಿದ್ದು ಫೋನಲ್ಲ, ಅದರಲ್ಲಿದ್ದ ಒಂದು ಫೈಲ್ ಮ್ಯಾನೇಜರ್. ಪಹಣಿ ಮತ್ತೆ ಆನ್‌ಲೈನಲ್ಲಿ ತೆಗೀಬಹುದು. ಪಾಲುಪತ್ರದ ಮೂಲ ಪ್ರತಿ ಟ್ರಂಕಿನಲ್ಲಿದೆ. ಆದರೆ ತೀರಿಹೋದ ನಮ್ಮ ಅಜ್ಜಿ ಹಾಡಿದ ನಾಲ್ಕು ಸೋಬಾನೆ ಪದ ಆ ಫೋನಲ್ಲಿತ್ತು. ಚಿಕ್ಕಪ್ಪ ರೆಕಾರ್ಡ್ ಮಾಡಿ ಕಳಿಸಿದ್ದು. ಚಿಕ್ಕಪ್ಪನ ಆ ಫೋನೂ ಈಗಿಲ್ಲ.

ಇನ್ನೊಂದು ಮಾತು ಹೇಳ್ಬಿಡ್ತೀನಿ. ಆ ಆ್ಯಪ್ ಹಾಕಿಕೊಟ್ಟವನು ನಾನೇ. 2017ರಲ್ಲಿ ಅಪ್ಪನ ಮೊದಲ ಸ್ಮಾರ್ಟ್‌ಫೋನಿಗೆ ಹಾಕಿದ್ದೆ. ಆಗ ಅದು ಅಚ್ಚುಕಟ್ಟಾಗಿತ್ತು, ಜಾಹೀರಾತೇ ಇರಲಿಲ್ಲ. ಆಮೇಲೆ ಫೋನ್ ಬದಲಾಯ್ತು, ಹಳೇ ಆ್ಯಪ್‌ಗಳೆಲ್ಲ ತಾವಾಗಿಯೇ ಹೊಸ ಫೋನಿಗೆ ಬಂದವು. ಅದು ಅನುಮತಿ ಕೇಳಿದಾಗ ವಿಡಿಯೋ ಕಾಲ್‌ನಲ್ಲಿ "ಅಲೋ ಒತ್ತಪ್ಪಾ" ಅಂದವನೂ ನಾನೇ. ಅಷ್ಟರಲ್ಲಿ ಆ್ಯಪ್ ಪೂರ್ತಿ ಬದಲಾಗಿತ್ತು, ನಾನು ನೋಡಿರಲಿಲ್ಲ. ಎಂಟೆಕ್ ಮಾಡಿ, ಹಗಲೆಲ್ಲ ಬೇರೆಯವರ ಸಿಸ್ಟಮ್‌ಗೆ ಯಾರಿಗೆ ಯಾವ ಪರ್ಮಿಷನ್ ಇರಬೇಕು ಅಂತ ತಲೆ ಕೆಡಿಸ್ಕೊಳ್ಳೋನು ನಾನು. ನಮ್ಮನೆ ಫೋನಿನ ಕಡೆ ತಿರುಗಿಯೂ ನೋಡಿರಲಿಲ್ಲ.

ಪಿಜಿ ಓನರ್ ಕೈಲಿರೋ ಕೀಲಿ

ನಮ್ಮಲ್ಲಿ ಹೆಚ್ಚಿನವರು ಪಿಜಿಯಲ್ಲಿ ಇದ್ದು ಬಂದವರೇ, ಅದೇ ಉದಾಹರಣೆ ತಗೊಳ್ಳೋಣ. ಪ್ರತಿಯೊಬ್ಬರಿಗೂ ಒಂದು ರೂಮು, ಅದಕ್ಕೊಂದು ಬೀಗ. ಎಲ್ಲರಿಗೂ ಸೇರಿ ಒಂದು ಹಾಲ್. ಆಂಡ್ರಾಯ್ಡ್‌ನಲ್ಲೂ ಹಾಗೇ. ಪ್ರತಿ ಆ್ಯಪ್‌ಗೂ ತನ್ನದೇ ರೂಮು ಇದೆ. ಬ್ಯಾಂಕ್ ಆ್ಯಪ್‌ನ ರೂಮಿಗೆ ಗೇಮ್ ಆ್ಯಪ್ ಹೋಗೋಕಾಗಲ್ಲ. ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಕ್ಯಾಮೆರಾ ಫೋಟೋ ಇವೆಲ್ಲ ಇರೋದು ಹಾಲ್‌ನಲ್ಲಿ.

ಹಿಂದೆ ಹಾಲ್‌ಗೆ ಕಾವಲೇ ಇರಲಿಲ್ಲ. 'ಸ್ಟೋರೇಜ್' ಅನ್ನೋ ಒಂದೇ ಅನುಮತಿ ಕೊಟ್ಟರೆ ಟಾರ್ಚ್ ಆ್ಯಪ್ ಕೂಡ ನಿಮ್ಮ ಎಲ್ಲ ಫೋಟೋ, ಎಲ್ಲ ಪಿಡಿಎಫ್ ನೋಡಬಹುದಿತ್ತು. 2019ರಲ್ಲಿ ಬಂದ ಆಂಡ್ರಾಯ್ಡ್ 10ರಲ್ಲಿ ಇದನ್ನು ಬಿಗಿ ಮಾಡೋಕೆ ಶುರು ಮಾಡಿದ್ರು. 2020ರ ಆಂಡ್ರಾಯ್ಡ್ 11ರಲ್ಲಿ ನಿಯಮ ಪಕ್ಕಾ ಆಯ್ತು. ಈಗ ಮಾಮೂಲಿ ಆ್ಯಪ್‌ಗೆ ಹಾಲ್‌ನಲ್ಲೂ ತನಗೆ ಬೇಕಾದಷ್ಟೇ ಜಾಗ. ಎಲ್ಲ ಫೈಲ್‌ಗಳೂ ಬೇಕು ಅಂದ್ರೆ 'ಆಲ್ ಫೈಲ್ಸ್ ಆ್ಯಕ್ಸೆಸ್' ಅನ್ನೋ ಬೇರೆಯದೇ ಅನುಮತಿ ಕೇಳಬೇಕು. ಗೂಗಲ್ ಪ್ಲೇ ಕೂಡ ಎಲ್ಲರಿಗೂ ಅದನ್ನು ಕೇಳೋಕೆ ಬಿಡಲ್ಲ. ಫೈಲ್ ಮ್ಯಾನೇಜರ್, ಬ್ಯಾಕಪ್, ಆ್ಯಂಟಿವೈರಸ್ ತರಹದ ಆ್ಯಪ್‌ಗಳಿಗೆ ಮಾತ್ರ ಅವಕಾಶ.

ಅಂದ್ರೆ ಫೈಲ್ ಮ್ಯಾನೇಜರ್ ನಮ್ಮ ಪಿಜಿ ಓನರ್ ಇದ್ದ ಹಾಗೆ, ದೊಡ್ಡ ಕೀಲಿ ಅವರ ಹತ್ತಿರ ಇರುತ್ತೆ. ಆ್ಯಪ್‌ಗಳ ಒಳರೂಮಿಗೆ ಈ ಕೀಲಿ ಹತ್ತಲ್ಲ. ಆದರೆ ಒಂದು ವಿಷಯ ಗಮನಿಸಿ. ಈಗಿನ ಫೋನ್‌ಗಳಲ್ಲಿ ವಾಟ್ಸ್ಆ್ಯಪ್‌ನ ಫೋಟೋ, ಡಾಕ್ಯುಮೆಂಟು, ವಾಯ್ಸ್ ಮೆಸೇಜು ಇರೋದು 'ಆಂಡ್ರಾಯ್ಡ್' ಫೋಲ್ಡರ್ ಒಳಗಿನ 'ಮೀಡಿಯಾ' ಅನ್ನೋ ಜಾಗದಲ್ಲಿ. ಅದು ಒಳರೂಮಲ್ಲ, ಅಲ್ಲಿಗೆ ದೊಡ್ಡ ಕೀಲಿ ಹತ್ತುತ್ತೆ. ಅಪ್ಪನ ಫೋನಲ್ಲಿ ಗುಡಿಸಿದ್ದು ಅದನ್ನೇ.

ಹಾಗಾಗಿ ಫೈಲ್ ಮ್ಯಾನೇಜರ್ ಆರಿಸೋವಾಗ ಎಷ್ಟು ಫೀಚರ್ ಇದೆ, ಎಷ್ಟು ಸ್ಟಾರ್ ಬಂದಿದೆ ಅನ್ನೋದು ಆಮೇಲಿನ ಮಾತು. ಮೊದಲು ಕೇಳ್ಬೇಕಾದ್ದು, ಕೀಲಿ ಯಾರ ಕೈಗೆ ಹೋಗ್ತಿದೆ ಅಂತ.

ಒಳ್ಳೇ ಆ್ಯಪ್‌ಗಳಿಗೂ ಓನರ್ ಬದಲಾಗ್ತಾರೆ

ಹತ್ತು ವರ್ಷದ ಹಿಂದೆ ನೀವು ಆಂಡ್ರಾಯ್ಡ್ ಬಳಸ್ತಿದ್ರೆ ಇಎಸ್ ಫೈಲ್ ಎಕ್ಸ್‌ಪ್ಲೋರರ್ ನೆನಪಿರಲೇಬೇಕು. ಕಾಲೇಜಲ್ಲಿ ಪ್ರತಿಯೊಬ್ಬರ ಫೋನಲ್ಲೂ ಇತ್ತು. ಮೊದಮೊದಲು ನಿಜಕ್ಕೂ ಒಳ್ಳೇ ಆ್ಯಪ್ಪೇ. ಬರ್ತಾ ಬರ್ತಾ ಕ್ಲೀನರ್, ಜಾಹೀರಾತು, ಲಾಕ್ ಸ್ಕ್ರೀನ್ ಮೇಲೆ ಚಾರ್ಜಿಂಗ್ ಬೂಸ್ಟರ್ ಎಲ್ಲ ಸೇರ್ಕೊಂಡವು. 2019ರ ಜನವರಿಯಲ್ಲಿ ಬ್ಯಾಪ್ಟಿಸ್ಟ್ ರಾಬರ್ಟ್ ಅನ್ನೋ ಫ್ರೆಂಚ್ ಭದ್ರತಾ ಸಂಶೋಧಕ ಒಂದು ವಿಷಯ ಬಯಲಿಗೆ ತಂದ್ರು. ಈ ಆ್ಯಪ್ ಒಮ್ಮೆ ತೆರೆದರೆ ಸಾಕು, ಹಿನ್ನೆಲೆಯಲ್ಲಿ 59777ನೇ ಪೋರ್ಟ್‌ನಲ್ಲಿ ಒಂದು ಪುಟ್ಟ ವೆಬ್ ಸರ್ವರ್ ಓಡ್ತಾ ಇರುತ್ತಿತ್ತು. ಅದೇ ವೈಫೈನಲ್ಲಿ ಇರೋ ಯಾರು ಬೇಕಾದ್ರೂ ಅದಕ್ಕೆ ರಿಕ್ವೆಸ್ಟ್ ಕಳಿಸಿ ಫೈಲ್‌ಗಳ ಪಟ್ಟಿ ನೋಡಬಹುದಿತ್ತು, ಎಳ್ಕೊಳ್ಳಬಹುದಿತ್ತು. ಪಾಸ್‌ವರ್ಡ್ ಇಲ್ಲ, ಕೇಳೋರಿಲ್ಲ. ಪಿಜಿ ವೈಫೈ, ಕಾಫಿ ಅಂಗಡಿ ವೈಫೈ ನೆನಪಿಸ್ಕೊಳ್ಳಿ. ಅದೇ ವರ್ಷ ಅದು ಪ್ಲೇ ಸ್ಟೋರ್‌ನಿಂದ ಹೋಯ್ತು. 2020ರ ಜೂನ್ ಕೊನೆಯಲ್ಲಿ ನಮ್ಮ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಟಿಕ್‌ಟಾಕ್, ಶೇರ್‌ಇಟ್, ಕ್ಯಾಮ್‌ಸ್ಕ್ಯಾನರ್ ಜೊತೆ ಇದೂ ಇತ್ತು.

"ಜಾಹೀರಾತು ಇರೋ ಆ್ಯಪ್‌ಗಳ ಕಥೆ ಇಷ್ಟೇ, ಓಪನ್ ಸೋರ್ಸ್ ಹಾಕ್ಕೊಂಡ್ರೆ ಆಯ್ತು" ಅಂತೀರಾ? ಸಿಂಪಲ್ ಮೊಬೈಲ್ ಟೂಲ್ಸ್ ಅಂತ ಒಂದು ಆ್ಯಪ್ ಸರಣಿ ಇತ್ತು. ಗ್ಯಾಲರಿ, ಕ್ಯಾಲೆಂಡರ್, ಫೈಲ್ ಮ್ಯಾನೇಜರ್ ಎಲ್ಲವೂ ಓಪನ್ ಸೋರ್ಸ್, ಜಾಹೀರಾತಿಲ್ಲ. ನಾನೇ ಎಷ್ಟೋ ಜನಕ್ಕೆ ಹೇಳಿದ್ದೀನಿ. 2023ರ ಕೊನೆಗೆ ಅದನ್ನು ಮಾಡಿದವರು ಇಡೀ ಸರಣಿಯನ್ನು ಜಿಪೊಆ್ಯಪ್ಸ್ ಅನ್ನೋ ಕಂಪನಿಗೆ ಮಾರಿದ್ರು. ಮಾರೋದು ಅವರ ಹಕ್ಕು, ತಪ್ಪು ಅಂತ ನಾನು ಹೇಳಲ್ಲ. ಆದರೆ ನಮ್ಮ ಫೋನಿನ ಮಟ್ಟಿಗೆ ಕೀಲಿ ರಾತ್ರೋರಾತ್ರಿ ಬೇರೆಯವರ ಕೈಗೆ ಹೋಯ್ತು.

ಓಪನ್ ಸೋರ್ಸ್‌ನಿಂದ ಆದ ಲಾಭ ಅಂದ್ರೆ, ಹಳೇ ಕೋಡ್ ಎಲ್ಲರ ಮುಂದೆಯೇ ಇತ್ತು. ಆ ಯೋಜನೆಯಲ್ಲಿ ಕೆಲಸ ಮಾಡ್ತಿದ್ದವರೊಬ್ಬರು ಅದನ್ನೇ ತಗೊಂಡು ಫಾಸಿಫೈ ಅನ್ನೋ ಹೆಸರಲ್ಲಿ ಮುಂದುವರಿಸಿದ್ರು. ಮುಚ್ಚಿದ ಕೋಡ್ ಆಗಿದ್ರೆ ಆ ದಾರಿಯೂ ಇರ್ತಿರಲಿಲ್ಲ. ಅಂದ್ರೆ ಒಳ್ಳೇ ಆ್ಯಪ್ ಒಂದ್ಸಲ ಆರಿಸಿಬಿಟ್ರೆ ಮುಗೀಲಿಲ್ಲ. ವರ್ಷಕ್ಕೊಂದ್ಸಲವಾದ್ರೂ ತಿರುಗಿ ನೋಡ್ಬೇಕು.

ಹಾಕ್ಕೊಳ್ಳೋ ಮೊದಲು ನಾಲ್ಕು ಪ್ರಶ್ನೆ

ಒಂದು: ಈಗ ಫೋನಲ್ಲಿ ಇರೋದೇ ಸಾಕಾಗಲ್ವಾ? ಬಹುಪಾಲು ಸಾಕು. ಸ್ಯಾಮ್‌ಸಂಗ್ ಫೋನಲ್ಲಿ 'ಮೈ ಫೈಲ್ಸ್' ಮೊದಲೇ ಇರುತ್ತೆ. ಎಷ್ಟೋ ಫೋನ್‌ಗಳಲ್ಲಿ ಗೂಗಲ್‌ನ 'ಫೈಲ್ಸ್' ಇರುತ್ತೆ. ಫೋನ್ ಮಾಡಿದ ಕಂಪನಿ, ಆಂಡ್ರಾಯ್ಡ್ ಮಾಡೋ ಗೂಗಲ್, ಇವರ ಮೇಲೆ ಹೇಗೂ ನಂಬಿಕೆ ಇಟ್ಟಾಗಿದೆ. ಮೂರನೆಯವರಿಗೆ ಕೀಲಿ ಕೊಡೋಕೆ ಗಟ್ಟಿ ಕಾರಣ ಬೇಕು.

ಎರಡು: ಮಾಡಿದವರಿಗೆ ದುಡ್ಡು ಎಲ್ಲಿಂದ ಬರುತ್ತೆ? ನಾವು ಕೊಟ್ರೆ ಲೆಕ್ಕ ನೇರ. ದೇಣಿಗೆ ಅಥವಾ ಹವ್ಯಾಸದಿಂದ ನಡೀತಿದ್ರೆ ಅದೂ ಅರ್ಥ ಆಗುತ್ತೆ. ಜಾಹೀರಾತಿಂದ ಅಂದ್ರೆ ನಾವು ಪದೇ ಪದೇ ಆ್ಯಪ್ ತೆರೀತಾ ಇರ್ಬೇಕು. ಫೈಲ್ ಮ್ಯಾನೇಜರ್ ದಿನಾ ತೆರೆಯೋ ವಸ್ತು ಅಲ್ಲ. ಅದಕ್ಕೇ "ಇಷ್ಟು ಜಿಬಿ ಕಸ ಇದೆ" ಅಂತ ಕೆಂಪು ಅಕ್ಷರದಲ್ಲಿ ಹೆದರಿಸೋದು.

ಮೂರು: ಫೈಲ್‌ಗೆ ಸಂಬಂಧವೇ ಇಲ್ಲದ್ದನ್ನು ಕೇಳ್ತಿದೆಯಾ? ಕಾಂಟ್ಯಾಕ್ಟ್ಸ್, ಎಸ್ಎಂಎಸ್, ಲೊಕೇಷನ್, ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳೋ ಅನುಮತಿ, ಇದರಲ್ಲಿ ಯಾವುದನ್ನು ಕೇಳಿದ್ರೂ ಅನುಮಾನ ಪಡಿ. ಇಂಟರ್ನೆಟ್ ಅನುಮತಿ ಮಾತ್ರ ಸ್ವಲ್ಪ ಬೇರೆ. ಲ್ಯಾಪ್‌ಟಾಪ್ ಅಥವಾ ಮನೆಯ ನ್ಯಾಸ್ ಜೊತೆ ಮಾತಾಡೋ ಫೈಲ್ ಮ್ಯಾನೇಜರ್‌ಗೆ ನೆಟ್‌ವರ್ಕ್ ಬೇಕೇ ಬೇಕು, ಅಷ್ಟಕ್ಕೇ ಅದನ್ನು ಕಳ್ಳ ಅನ್ನೋಕಾಗಲ್ಲ. ಫೋನ್ ಒಳಗಿನ ಕೆಲಸ ಮಾತ್ರ ಸಾಕು ಅನ್ನೋರು ಇಂಟರ್ನೆಟ್ಟೇ ಕೇಳದ ಆ್ಯಪ್ ಹುಡುಕಿ.

ನಾಲ್ಕು: ಅಳಿಸಿದ್ದು ಎಲ್ಲಿಗೆ ಹೋಗುತ್ತೆ? ಕಸದ ಬುಟ್ಟಿ ಇದೆಯಾ, ನೇರ ಮಾಯವಾ? ಗೂಗಲ್ ಫೈಲ್ಸ್‌ನಲ್ಲೂ ಸ್ಯಾಮ್‌ಸಂಗ್‌ನಲ್ಲೂ ಅಳಿಸಿದ್ದು 30 ದಿನ ಬುಟ್ಟಿಯಲ್ಲಿ ಇರುತ್ತೆ. ಅಪ್ಪನ ಆ್ಯಪ್‌ನ ಕ್ಲೀನರ್‌ಗೆ ಅಂಥ ಬುಟ್ಟಿ ಇರಲಿಲ್ಲ. ಈ ಒಂದು ಪ್ರಶ್ನೆ ಕೇಳಿದ್ರೆ ಸಾಕಿತ್ತು.

ಹಾಗಾದ್ರೆ ಯಾರಿಗೆ ಯಾವುದು?

ಅಪ್ಪ-ಅಮ್ಮನ ಫೋನಿಗೆ: ಕಂಪನಿಯದ್ದು ಅಥವಾ ಗೂಗಲ್ ಫೈಲ್ಸ್, ಬೇರೆ ಏನೂ ಬೇಡ. ಗೂಗಲ್ ಫೈಲ್ಸ್ 2017ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲೇ 'ಫೈಲ್ಸ್ ಗೋ' ಅಂತ ಬಿಡುಗಡೆಯಾಗಿದ್ದು, ಕಡಿಮೆ ಜಾಗದ ಫೋನ್‌ಗಳನ್ನು ಗಮನದಲ್ಲಿಟ್ಟು. ಅದರಲ್ಲೂ 'ಕ್ಲೀನ್' ಇದೆ, ಆದರೆ ಏನು ಅಳಿಸಬೇಕು ಅನ್ನೋದನ್ನು ತೋರಿಸಿ ನಮ್ಮಿಂದಲೇ ಆರಿಸುತ್ತೆ. ಅದರ 'ಸೇಫ್ ಫೋಲ್ಡರ್' ಬಗ್ಗೆ ಮಾತ್ರ ಎಚ್ಚರ. ಪಿನ್ ಮರೆತರೆ ಗೂಗಲ್‌ನವರೂ ತೆಗೆದುಕೊಡೋಕಾಗಲ್ಲ. ಪಿನ್ ಮರೆಯೋರಿಗೆ ಅದನ್ನು ಹೇಳಿಕೊಡಲೇಬೇಡಿ.

ಮನೆಯಲ್ಲಿ ನ್ಯಾಸ್ ಇಟ್ಕೊಂಡಿರೋರಿಗೆ, ಲ್ಯಾಪ್‌ಟಾಪ್‌ನಿಂದ ಫೋನಿಗೆ ಸದಾ ಫೈಲ್ ಸಾಗಿಸೋರಿಗೆ: ನಾನು ಬಳಸೋದು ಮೆಟೀರಿಯಲ್ ಫೈಲ್ಸ್. ಓಪನ್ ಸೋರ್ಸ್, ಜಾಹೀರಾತಿಲ್ಲ. ಎಸ್ಎಂಬಿ, ಎಸ್ಎಫ್‌ಟಿಪಿ ಎರಡೂ ಗೊತ್ತು, ಜಿಪ್ ಒಳಗೂ ಇಣುಕುತ್ತೆ, ಲಿನಕ್ಸ್ ಬಳಸಿದವರಿಗೆ ಒಗ್ಗುತ್ತೆ. ಎಫ್-ಡ್ರಾಯ್ಡ್‌ನಲ್ಲೂ ಸಿಗುತ್ತೆ.

ಎರಡು ಫೋಲ್ಡರ್ ಅಕ್ಕಪಕ್ಕ ತೆರೆದು ಕೆಲಸ ಮಾಡ್ಬೇಕು, ಗೂಗಲ್ ಡ್ರೈವ್ ತರಹದ್ದೂ ಅಲ್ಲೇ ಬೇಕು ಅಂದ್ರೆ ಸಾಲಿಡ್ ಎಕ್ಸ್‌ಪ್ಲೋರರ್. 14 ದಿನ ಪುಕ್ಕಟೆ, ಇಷ್ಟವಾದ್ರೆ ದುಡ್ಡು ಕೊಡಿ. ಓಪನ್ ಸೋರ್ಸ್ ಅಲ್ಲ, ಆದರೆ ದುಡ್ಡಿನ ಲೆಕ್ಕ ನೇರ. ಫೋನ್ ಒಳಗಿನ ಕೆಲಸ ಮಾತ್ರ ಸಾಕು ಅನ್ನೋರಿಗೆ ಫಾಸಿಫೈ ಫೈಲ್ ಮ್ಯಾನೇಜರ್.

ಐಫೋನ್‌ನವರಿಗೆ ಈ ತಲೆನೋವು ಕಡಿಮೆ. ಐಒಎಸ್ 11ರಿಂದ, ಅಂದ್ರೆ 2017ರಿಂದ, ಆ್ಯಪಲ್‌ನದೇ 'ಫೈಲ್ಸ್' ಇದೆ. ಐಒಎಸ್ 13ರಿಂದ ಅದರಲ್ಲೇ ಎಸ್ಎಂಬಿ ಸರ್ವರ್‌ಗೂ ಸೇರಬಹುದು. ಅಲ್ಲಿ ಯಾವ ಆ್ಯಪ್‌ಗೂ ಇಡೀ ಮನೆಯ ಕೀಲಿ ಸಿಗಲ್ಲ.

ಈ ಭಾನುವಾರ ಹತ್ತು ನಿಮಿಷ

ಊರಿಗೆ ವಿಡಿಯೋ ಕಾಲ್ ಮಾಡಿದಾಗ ಇಷ್ಟು ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ಸ್ಪೆಷಲ್ ಆ್ಯಕ್ಸೆಸ್, ಅದರಲ್ಲಿ ಆಲ್ ಫೈಲ್ಸ್ ಆ್ಯಕ್ಸೆಸ್. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಆಚೀಚೆ ಆಗಬಹುದು, ಸೆಟ್ಟಿಂಗ್ಸ್‌ನಲ್ಲಿ ಹುಡುಕಿದ್ರೆ ಸಿಗುತ್ತೆ. ಆ ಪಟ್ಟಿಯಲ್ಲಿ ಯಾರ್ಯಾರ ಹತ್ತಿರ ಕೀಲಿ ಇದೆ ಅಂತ ಒಂದೊಂದಾಗಿ ಓದಿಸಿ. ಗುರುತಿಲ್ಲದವರ ಕೈಯಿಂದ ವಾಪಸ್ ತಗೊಳ್ಳಿ. ಕ್ಲೀನರ್, ಬೂಸ್ಟರ್ ಹೆಸರಿನವನ್ನು ತೆಗೆಸಿಬಿಡಿ.

ಆಮೇಲೆ, ಮುಖ್ಯವಾದ ಫೈಲ್‌ಗಳನ್ನು ವಾಟ್ಸ್ಆ್ಯಪ್ ಫೋಲ್ಡರ್‌ನಲ್ಲೇ ಬಿಡಬೇಡಿ. ಡಾಕ್ಯುಮೆಂಟ್ಸ್‌ನಲ್ಲಿ 'ಮನೆ ಕಾಗದ' ಅಂತ ಕನ್ನಡದಲ್ಲೇ ಒಂದು ಫೋಲ್ಡರ್ ಮಾಡಿ, ಅದಕ್ಕೆ ಕಾಪಿ ಮಾಡಿಸಿ. ಅದರ ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇರಲಿ. ಎಷ್ಟೇ ಒಳ್ಳೇ ಫೈಲ್ ಮ್ಯಾನೇಜರ್ ಆದ್ರೂ ಅದು ಬ್ಯಾಕಪ್ ಅಲ್ಲ.

ಅಜ್ಜಿಯ ಹಾಡಿನ ಕಥೆ ಏನಾಯ್ತು ಅಂತ ವಿಡಿಯೋ ನೋಡಿದ ಕೆಲವರು ಕೇಳಿದ್ದೀರಿ. ಹೈದರಾಬಾದಿನಲ್ಲಿರೋ ಅತ್ತೆ ಮಗಳ ಹಳೇ ಫೋನಲ್ಲಿ ಒಂದು ಸಿಕ್ತು. ಉಳಿದ ಮೂರು ಸಿಗಲಿಲ್ಲ. ಆ ಒಂದನ್ನು ಈಗ ಮೂರು ಕಡೆ ಇಟ್ಟಿದ್ದೀನಿ.

ಆಯುಧ ಪೂಜೆ ದಿನ ನಮ್ಮಲ್ಲಿ ಬೈಕು, ಸ್ಪ್ಯಾನರು, ಹೊಲಿಗೆ ಮಿಷನ್ನು ಎಲ್ಲ ಒರೆಸಿ ಕುಂಕುಮ ಇಡ್ತೀವಲ್ಲ, ಇನ್ನು ಮೇಲೆ ಆ ದಿನ ಮನೆಯವರೆಲ್ಲರ ಫೋನ್ ತಗೊಂಡು ಈ ಪಟ್ಟಿ ಒಂದ್ಸಲ ನೋಡೋದು ಅಂತ ಮಾಡ್ಕೊಂಡಿದ್ದೀನಿ. ಅಪ್ಪನೂ ಒಪ್ಪಿದ್ದಾರೆ. ನೀವೂ ನೋಡಿ. ಮುಂದಿನ ವಾರ ಸಿಗೋಣ.