ಕಾರಿನೊಳಗಿನ ಮೊರೆತ: ಮೊದಲು ಟೈರು ನೋಡಿ, ಆಮೇಲೆ ಶೀಟು

ಬೆಂಗಳೂರು: ಮಲ್ಲೇಶ್ವರಂನ ಸಂಪಿಗೆ ರಸ್ತೆಯಲ್ಲಿ ಗಾಜು ಏರಿಸಿಕೊಂಡು ನಿಧಾನವಾಗಿ ಸಾಗುವ ಕಾರಿನೊಳಗೆ ಕೇಳುವುದು ಮುಖ್ಯವಾಗಿ ಹಾರನ್ನು ಮತ್ತು ಅಕ್ಕಪಕ್ಕದ ಎಂಜಿನ್‌ಗಳ ಸದ್ದು. ಅದೇ ಕಾರು ಯಶವಂತಪುರ ದಾಟಿ ತುಮಕೂರು ರಸ್ತೆಯ ಮೇಲ್ಸೇತುವೆ ಏರಿದರೆ ಸದ್ದಿನ ಸ್ವರೂಪವೇ ಬದಲಾಗುತ್ತದೆ. ಕಾಲಡಿಯಿಂದ ಒಂದೇ ಸಮನೆ ಮೊರೆತ ಏಳುತ್ತದೆ. ಸೇತುವೆಯ ಕೂಡುಗಳಲ್ಲಿ ‘ದಡ್ ದಡ್’ ಎಂಬ ಬಡಿತ. ಈ ಎರಡು ಸದ್ದುಗಳಿಗೆ ಮದ್ದು ಒಂದೇ ಅಲ್ಲ. ಇದನ್ನರಿಯದೆ ಖರ್ಚು ಮಾಡಿದರೆ ಹಣವೂ ವ್ಯರ್ಥ, ಕೆಲವೊಮ್ಮೆ ಅಪಾಯವೂ ಉಂಟು.

ಸದ್ದು ಬರುವ ದಾರಿ

ಕಾರಿನ ವೇಗ ಗಂಟೆಗೆ ಸುಮಾರು 40–50 ಕಿ.ಮೀ. ದಾಟಿದ ಮೇಲೆ ಎಂಜಿನ್‌ಗಿಂತ ಟೈರಿನ ಸದ್ದೇ ಮೇಲಾಗುತ್ತದೆ. ಅದು ಒಳಗೆ ಬರುವುದು ಎರಡು ದಾರಿಗಳಲ್ಲಿ. ತಗ್ಗು ಸ್ಥಾಯಿಯ ಮೊರೆತ ಚಕ್ರ ಮತ್ತು ಸಸ್ಪೆನ್ಷನ್ ಮೂಲಕ ಕಂಪನವಾಗಿ ಬಾಡಿಗೆ ಹಬ್ಬುತ್ತದೆ. ಹೆಚ್ಚು ಸ್ಥಾಯಿಯ ‘ಸುಯ್’ ಸದ್ದು ಗಾಳಿಯಲ್ಲಿ ಹರಿದು ಗಾಜು, ಬಾಗಿಲಿನ ಸಂದುಗಳಿಂದ ನುಸುಳುತ್ತದೆ.

ಆದ್ದರಿಂದ ಮೊದಲ ಪರೀಕ್ಷೆ ಟೈರಿನದು. ಗಾಳಿಯ ಒತ್ತಡ ಕಂಪನಿ ಸೂಚಿಸಿದಷ್ಟೇ ಇರಬೇಕು. ಹೆಚ್ಚಾದರೆ ಟೈರು ಬಿಗಿಯಾಗಿ ಕಂಪನವನ್ನು ಒಳಗೆ ದಾಟಿಸುತ್ತದೆ. ಅಲೈನ್‌ಮೆಂಟ್ ತಪ್ಪಿ ಏರುಪೇರಾಗಿ ಸವೆದ ಟೈರೂ, ವರ್ಷಗಳು ಕಳೆದು ಗಡುಸಾದ ಟೈರೂ ಗುಂಯ್‌ಗುಡುತ್ತವೆ. ವೇಗದೊಡನೆ ಏರುವ, ತಿರುವಿನಲ್ಲಿ ಬದಲಾಗುವ ಗುಂಯ್ ಸದ್ದು ವೀಲ್ ಬೇರಿಂಗ್ ಹಾಳಾದುದರ ಸೂಚನೆಯಾಗಿರಬಹುದು. ಇದನ್ನು ಶೀಟು ಹೊದಿಸಿ ಮುಚ್ಚುವುದೆಂದರೆ ಜ್ವರದ ಕಾರಣ ಹುಡುಕದೆ ತಣ್ಣೀರುಪಟ್ಟಿ ಹಾಕಿದಂತೆ.

ಎರಡನೆಯದು ಬಾಗಿಲಿನ ರಬ್ಬರ್ ಬೀಡಿಂಗ್. ಹತ್ತು ರೂಪಾಯಿ ನೋಟನ್ನು ಸಂದಿನಲ್ಲಿಟ್ಟು ಬಾಗಿಲು ಮುಚ್ಚಿ, ಎಳೆದು ನೋಡಬೇಕು. ಸಲೀಸಾಗಿ ಜಾರಿ ಬಂದರೆ ಬೀಡಿಂಗ್ ಸಡಿಲವಾಗಿದೆ. ಹಾರನ್ ಮತ್ತು ಗಾಳಿಯ ಸದ್ದಿಗೆ ಇದೇ ಅಗ್ಗದ ಪರಿಹಾರ.

ಶೀಟಿನ ಕೆಲಸ

ಇಷ್ಟಾದ ಮೇಲೆಯೂ ಮೊರೆತ ಉಳಿದರೆ ಡ್ಯಾಂಪಿಂಗ್ ಶೀಟಿನ ಸರದಿ. ಮಲ್ಲೇಶ್ವರಂನ ‘ಪಂಚವಟಿ’ಯಲ್ಲಿ ನೆಲೆಸಿದ್ದ ಸರ್ ಸಿ.ವಿ. ರಾಮನ್ ಅವರು, ಮೃದಂಗದ ತೊಗಲಿಗೆ ಮೆತ್ತಿದ ಕರಣೆಯ ಭಾರ ಅದರ ಕಂಪನವನ್ನು ಹೇಗೆ ಮಾರ್ಪಡಿಸುತ್ತದೆ ಎಂಬುದನ್ನು 1920ರಷ್ಟು ಹಿಂದೆಯೇ ವಿವರಿಸಿದ್ದರು. ಕಾರಿನ ಬಾಗಿಲ ತಗಡೂ ಒಂದು ಬಗೆಯ ಚರ್ಮವಾದ್ಯವೇ. ಅಲ್ಯೂಮಿನಿಯಂ ಹಾಳೆ ಮತ್ತು ಬ್ಯೂಟೈಲ್ ರಬ್ಬರ್‌ನ ಶೀಟು ತಗಡಿನ ಭಾರ ಹೆಚ್ಚಿಸುವುದಲ್ಲದೆ, ಕಂಪನದ ಶಕ್ತಿಯನ್ನು ಅಲ್ಪ ಶಾಖವಾಗಿ ಪರಿವರ್ತಿಸಿ ನಾದವನ್ನು ಅಡಗಿಸುತ್ತದೆ. ತಗಡನ್ನು ಪೂರ್ತಿ ಮುಚ್ಚಬೇಕಿಲ್ಲ. ನಡುಭಾಗದಲ್ಲಿ ಕಾಲುಭಾಗದಷ್ಟು ಅಂಟಿಸಿದರೂ ಹೆಚ್ಚಿನ ಪ್ರಯೋಜನ ದೊರೆಯುತ್ತದೆ. ಚಕ್ರದ ಮೇಲಿನ ಕಮಾನು ಮತ್ತು ನೆಲಕ್ಕೆ ಆದ್ಯತೆ ಇರಲಿ. ಹಾರನ್ನಿನ ಸದ್ದಿಗೆ ಮಾತ್ರ ಇದರಿಂದ ಹೆಚ್ಚಿನ ಉಪಯೋಗವಿಲ್ಲ. ಅದು ಬರುವುದು ಗಾಜು ಮತ್ತು ಸಂದುಗಳಿಂದ.

ನಿರೀಕ್ಷೆಯೂ ಮಿತಿಯಲ್ಲಿರಬೇಕು. 3 ಡೆಸಿಬಲ್ ಇಳಿದರೆ ಶಬ್ದಶಕ್ತಿ ಅರ್ಧವಾದರೂ ಕಿವಿಗೆ ಅದು ಸಣ್ಣ ವ್ಯತ್ಯಾಸ. ಸದ್ದು ಅರ್ಧವಾಯಿತು ಎನಿಸಲು ಸುಮಾರು 10 ಡೆಸಿಬಲ್ ಇಳಿಯಬೇಕು.

ಜೆ.ಸಿ. ರಸ್ತೆಯಲ್ಲಾಗಲಿ, ಬಡಾವಣೆಯ ಅಂಗಡಿಯಲ್ಲಾಗಲಿ ಶೀಟು ಹಾಕಿಸುವವರು ಒಂದು ಮಾತು ಮರೆಯಬಾರದು. ಬಾಗಿಲಿನ ತಳದಲ್ಲಿರುವ ರಂಧ್ರಗಳು ಮಳೆನೀರು ಹೊರಹೋಗಲೆಂದೇ ಇರುವಂಥವು. ಅವು ಮುಚ್ಚಿದರೆ ಮಳೆಗಾಲದಲ್ಲಿ ನೀರು ನಿಂತು ತಗಡು ತುಕ್ಕು ಹಿಡಿಯುತ್ತದೆ. ಏರ್‌ಬ್ಯಾಗ್ ಮತ್ತು ಅದರ ವೈರುಗಳ ಬಳಿ ಏನನ್ನೂ ಅಂಟಿಸಕೂಡದು.

ಇಷ್ಟೆಲ್ಲ ಮಾಡಿದ ಮೇಲೂ ಹಿಂದಿನಿಂದ ಬರುವ ಆಂಬ್ಯುಲೆನ್ಸ್‌ನ ಸೈರನ್ ಚಾಲಕನಿಗೆ ಕೇಳುವಂತಿರಬೇಕು. ಕೆ.ಸಿ. ಜನರಲ್ ಆಸ್ಪತ್ರೆಯಿರುವ ಈ ಬಡಾವಣೆಯಲ್ಲಿ ಅದಕ್ಕೆ ದಾರಿ ಬಿಡುವುದು ಕಾರಿನೊಳಗಿನ ಮೌನಕ್ಕಿಂತ ಮುಖ್ಯ.