ಮಳೆಗಾಳಿಯಲ್ಲಿ ಸ್ಕೂಟರು ಸವಾರಿ

ಬೆಳಿಗ್ಗೆ ಹಾಲು ಕರೆದು, ಕ್ಯಾನನ್ನು ಸ್ಕೂಟರಿಗೆ ಕಟ್ಟಿ, ಸೊಸೈಟಿಗೆ ಹಾಕಿ, ಗಂಟೆ ಹೊಡೆಯುವ ಮೊದಲೇ ಶಾಲೆ ಸೇರುವುದು ನನ್ನ ನಿತ್ಯದ ಕೆಲಸ. ನಮ್ಮ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಸವಾರನಿಗೆ ಕಷ್ಟಕಾಲ ಎರಡು: ಜೂನಿನಿಂದ ಆಗಸ್ಟ್‌ವರೆಗೆ ಪಾಲಕ್ಕಾಡು ಕಣಿವೆಯಿಂದ ನುಗ್ಗುವ ಗಾಳಿ, ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರು ಮಳೆ.

ಉಡುಮಲೈ, ಪಲ್ಲಡಂ ಕಡೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಸ್ಕೂಟರನ್ನೂ ಪಕ್ಕಕ್ಕೆ ತಳ್ಳುತ್ತದೆ. ಲಾರಿಯ ಮರೆಯಿಂದ ಹೊರಬಂದೊಡನೆ ಅದರ ಪೆಟ್ಟು ಹೆಚ್ಚು. ಅಲ್ಲಿ ವೇಗ ತಗ್ಗಿಸಿರಿ.

ಮೊದಲ ಮಳೆಯನ್ನಂತೂ ನಂಬಲಾಗದು. ರಸ್ತೆಯ ಧೂಳು, ಎಣ್ಣೆ ನೀರಿನೊಡನೆ ಕಲೆತು ಜಾರುತ್ತವೆ. ಹೋದ ವರ್ಷ ಹೊತ್ತಾಯಿತೆಂದು ಅವಸರಪಟ್ಟು, ತಿರುವಿನಲ್ಲಿ ಮುಂದಿನ ಬ್ರೇಕನ್ನು ಮಾತ್ರ ಹಿಡಿದು ಬಿದ್ದೆ. ಹೆಲ್ಮೆಟ್ಟಿನಿಂದ ತಲೆ ಉಳಿಯಿತು. ಹಾಲು ಚೆಲ್ಲಿತು, ಮಂಡಿ ಸುಲಿಯಿತು, ಮಕ್ಕಳ ಪಾಠ ಮೂರು ದಿನ ನಿಂತಿತು.

ಆದುದರಿಂದ ರೈತ ಬಾಂಧವರು ಗಮನಿಸಬೇಕು: ತಿರುವಿಗೆ ಮೊದಲೇ ಎರಡೂ ಬ್ರೇಕುಗಳನ್ನು ಒಟ್ಟಿಗೆ, ಮೆಲ್ಲಗೆ ಹಿಡಿಯಿರಿ. ನೀರು ನಿಂತ ಕಡೆ ದಾಟಿದ ಮೇಲೆ ಎರಡು ಮೂರು ಸಲ ಬ್ರೇಕು ಒತ್ತಿ ಒಣಗಿಸಿರಿ. ಸವೆದ ಟೈರನ್ನು ಮಳೆಗೆ ಮೊದಲೇ ಬದಲಿಸಿರಿ. ಹಳ್ಳ ತುಂಬಿ ಹರಿಯುತ್ತಿದ್ದರೆ ಇಳಿಯಬೇಡಿರಿ. ಗುಡುಗು ಸಿಡಿಲಿದ್ದರೆ ತೆಂಗಿನ ಮರದಡಿ ನಿಲ್ಲಬೇಡಿರಿ.

ಎಲ್ಲಕ್ಕಿಂತ ಮಿಗಿಲಾಗಿ, ಕಾಲುಗಂಟೆ ಮೊದಲೇ ಹೊರಡಿರಿ. ತಪ್ಪಿದ ಪಾಠವನ್ನು ನಾಳೆ ಹೇಳಿಕೊಡಬಹುದು. ಹೋದ ಜೀವ ಮರಳಿ ಬಾರದು.